ಹಿತ್ತಿಲಲ್ಲೇ ಹುಳಿ: ಚುಕ್ಕೆ ಸೊಪ್ಪಿನ ಬೆಳೆ ಮತ್ತು ಅಡಿಗೆ

ಹುಣಸೆಹಣ್ಣು ತುಟ್ಟಿಯಾದ ವರ್ಷ ಸಾರಿನ ರುಚಿ ಕುಂದುವುದು ಎಲ್ಲ ಮನೆಗಳಲ್ಲೂ ಕಂಡ ಮಾತೇ. ಬಚ್ಚಲ ನೀರು ಹರಿಯುವ ಕಡೆ ಒಂದು ಮಾರುದ್ದದ ಪಾತಿ ಮಾಡಿ ಚುಕ್ಕೆ ಸೊಪ್ಪು ಬಿತ್ತಿಕೊಂಡರೆ, ಚಳಿಗಾಲದುದ್ದಕ್ಕೂ ಹುಳಿಗಾಗಿ ಅಂಗಡಿಗೆ ಹೋಗುವ ಪ್ರಮೇಯ ಕಡಿಮೆಯಾಗುತ್ತದೆ. ಇದನ್ನು ಕೆಲವರು ಸುಕ್ಕೆ ಸೊಪ್ಪು ಎಂದೂ, ಕೆಲವರು ಬರಿದೇ ಹುಳಿಸೊಪ್ಪು ಎಂದೂ ಕರೆಯುವರು. ಪುಂಡಿ ಸೊಪ್ಪೂ ಹುಳಿಯೇ. ಆದರೆ ಅದು ಬೇರೆ ಜಾತಿಯದು, ಇಲ್ಲಿ ಹೇಳುತ್ತಿರುವುದು ಅದನ್ನಲ್ಲ.

ಇಂಗ್ಲೆಂಡ್ ಮೊದಲಾದ ಚಳಿದೇಶಗಳ ಮನೆತೋಟಗಳಲ್ಲಿ ರೂಬಾರ್ಬ್ ಎಂಬ ಗಿಡವನ್ನು ಬೆಳೆಸುತ್ತಾರೆ. ಅದರ ಕೆಂಪು ದಂಟನ್ನು ಸಕ್ಕರೆಯೊಡನೆ ಬೇಯಿಸಿ, ಹಿಟ್ಟಿನೊಳಗೆ ತುಂಬಿ ಸುಟ್ಟು ತಿನ್ನುವುದು ಅಲ್ಲಿನ ವಾಡಿಕೆ. ನಮ್ಮ ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ರೇವಲ್ಚಿನ್ನಿಯೂ ಅದೇ ಬಳಗದ ಬೇರು. ರೂಬಾರ್ಬ್‌ಗೆ ಚಳಿ ಬೇಕು. ನಮ್ಮ ರಾಮನಗರ, ಚನ್ನಪಟ್ಟಣದ ಬಿಸಿಲಿನಲ್ಲಿ ಅದು ಏಳಿಗೆಯಾಗದು. ಅದರ ಹತ್ತಿರದ ನಂಟನೇ ಚುಕ್ಕೆ ಸೊಪ್ಪು. ಎರಡರಲ್ಲೂ ಆಕ್ಸಾಲಿಕ್ ಆಮ್ಲವಿದೆ. ಆದರೆ ಒಂದು ಭೇದವನ್ನು ಮರೆಯಬಾರದು. ರೂಬಾರ್ಬಿನ ದಂಟು ಆಹಾರ, ಎಲೆ ವಿಷ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಆಹಾರದ ಅಭಾವವುಂಟಾದಾಗ ಅದರ ಎಲೆಯನ್ನೂ ತಿನ್ನಬಹುದೆಂದು ಹೇಳಿ, ತಿಂದವರು ಪ್ರಾಣ ಕಳೆದುಕೊಂಡದ್ದುಂಟು. ಚುಕ್ಕೆಯಲ್ಲಿ ಹಾಗಲ್ಲ, ಎಲೆ, ಎಳೆಯ ದಂಟು ಎರಡೂ ಅಡಿಗೆಗೆ ಬರುತ್ತವೆ. ಆದರೂ ಹಿತವಾದುದೆಂದು ಮಿತಿಮೀರಿ ತಿನ್ನತಕ್ಕದ್ದಲ್ಲ.

ಏಕೆಂದರೆ ಈ ಆಮ್ಲವು ಸುಣ್ಣದ ಅಂಶದೊಡನೆ ಕೂಡಿಕೊಳ್ಳುತ್ತದೆ. ಮೂತ್ರಪಿಂಡದಲ್ಲಿ ಬೆಳೆಯುವ ಕಲ್ಲುಗಳಲ್ಲಿ ಹೆಚ್ಚಿನವು ಈ ಕೂಡಿಕೆಯಿಂದಲೇ ಆದವು. ಆದುದರಿಂದ ಮನೆಯಲ್ಲಿ ಕಲ್ಲಿನ ಬಾಧೆ ಪಟ್ಟವರಿದ್ದರೆ, ಇಲ್ಲವೆ ಮೂತ್ರಪಿಂಡದ ರೋಗಕ್ಕೆ ಔಷಧಿ ತೆಗೆದುಕೊಳ್ಳುತ್ತಿರುವವರಿದ್ದರೆ, ಅವರಿಗೆ ಈ ಸೊಪ್ಪನ್ನು ಬಡಿಸಬೇಡಿ. ಉಳಿದವರು ವಾರಕ್ಕೆ ಒಂದೆರಡು ಸಲ, ಬೇರೆ ಸೊಪ್ಪಿನೊಡನೆ ಬೆರೆಸಿ ಉಂಡರೆ ಅಂಜಿಕೆಯಿಲ್ಲ. ಊಟದಲ್ಲಿ ಮೊಸರು ಅಥವಾ ಮಜ್ಜಿಗೆ ಇರಲಿ. ಅದರಲ್ಲಿರುವ ಸುಣ್ಣದ ಅಂಶವು ಆಮ್ಲವನ್ನು ಹೊಟ್ಟೆಯಲ್ಲೇ ಹಿಡಿದು ಮಲದೊಡನೆ ಹೊರಹಾಕುತ್ತದೆ. ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ನಮ್ಮ ಮುದ್ದೆಯೂ ಈ ಕೆಲಸಕ್ಕೆ ಒದಗುತ್ತದೆ, ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಆದರೆ ಆಮ್ಲದ ಪಾಲಿಗೆ ಹೋದ ಸುಣ್ಣ ಎಲುಬಿಗೆ ದಕ್ಕದು. ಬೆಳೆಯುವ ಮಕ್ಕಳಿಗೂ ಬಸುರಿಯರಿಗೂ ಇದೊಂದೇ ಸೊಪ್ಪನ್ನು ದಿನವೂ ಹಾಕಬಾರದೆಂಬುದು ಇದಕ್ಕಾಗಿಯೇ.

ಇನ್ನು ಪಾತ್ರೆಯ ಮಾತು. ಕಲಾಯಿ ಹೋದ ತಾಮ್ರ, ಹಿತ್ತಾಳೆ ಪಾತ್ರೆಗಳಲ್ಲಿ ಹುಳಿ ಬೇಯಿಸಿದರೆ ತಾಮ್ರದ ಅಂಶ ಅಡಿಗೆಗೆ ಇಳಿದು ವಾಕರಿಕೆ, ವಾಂತಿ ಬರುತ್ತವೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಬೇಯಿಸಿ ನೋಡಿ, ಒಳಮೈ ಬೆಳ್ಳಗೆ ತೊಳೆದಂತೆ ಹೊಳೆಯುತ್ತದೆ! ಆ ಕರಗಿದ ಪದರವೆಲ್ಲ ಹೋದದ್ದು ನಿಮ್ಮ ಸಾರಿಗೇ. ಕಬ್ಬಿಣದ ಬಾಣಲೆಯಲ್ಲಿ ಸೊಪ್ಪು ಕಪ್ಪಾಗುತ್ತದೆ. ಮಣ್ಣಿನ ಮಡಕೆ ಎಲ್ಲಕ್ಕಿಂತ ಲೇಸು, ಇಲ್ಲವಾದರೆ ಸ್ಟೀಲು.

ಮಸ್ಸೊಪ್ಪಿಗೆ ಇದರಷ್ಟು ಒಪ್ಪುವ ಹುಳಿ ಬೇರೊಂದಿಲ್ಲ. ನಾಲ್ಕು ಹಿಡಿ ದಂಟು, ಕೀರೆ, ಅನ್ನೆ ಸೊಪ್ಪು ಅಥವಾ ಗೋಣಿ ಸೊಪ್ಪಿಗೆ ಒಂದು ಹಿಡಿ ಚುಕ್ಕೆ ಸಾಕು. ಹುಣಸೆ ಬೇಡ, ಟೊಮೇಟೊ ಬೇಡ. ಆದರೆ ಬೇಳೆಯ ಜೊತೆಗೇ ಚುಕ್ಕೆಯನ್ನು ಒಲೆಗೇರಿಸುವ ಅಭ್ಯಾಸವಿದ್ದರೆ ಬಿಡಿ. ಹುಳಿ ಸೇರಿದ ನೀರಿನಲ್ಲಿ ತೊಗರಿಬೇಳೆಯಾಗಲಿ ಅವರೆಕಾಳಾಗಲಿ ಬೇಗ ಮೆತ್ತಗಾಗುವುದಿಲ್ಲ. ಕಾಳಿನ ಕಣಗಳನ್ನು ಹಿಡಿದಿಟ್ಟ ಅಂಟು ಹುಳಿಯಲ್ಲಿ ಬಿಡಿಸಿಕೊಳ್ಳದು. ಸೌದೆ ಉರಿಯುತ್ತಲೇ ಇರುತ್ತದೆ, ಬೇಳೆ ಕಡಲೆಯಂತೆ ಕುಳಿತಿರುತ್ತದೆ. ಮೊದಲು ಬೇಳೆ ಪೂರ್ಣ ಬೇಯಲಿ, ಆಮೇಲೆ ಬೇರೆ ಸೊಪ್ಪು, ಹಸಿಮೆಣಸಿನಕಾಯಿ, ಈರುಳ್ಳಿ, ಕಟ್ಟಕಡೆಗೆ ಚುಕ್ಕೆ. ಅದು ಐದು ನಿಮಿಷದಲ್ಲಿ ಕರಗಿ ಹೋಗುತ್ತದೆ. ಮಸೆದು, ಉಪ್ಪು ಸೇರಿಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಡಿ.

ಸಿಹಿ ಹುಳಿ ಬೇಕೆನ್ನುವವರು ಗೊಜ್ಜು ಮಾಡಬಹುದು. ಕಾಲು ಕಿಲೋ ಚುಕ್ಕೆಯನ್ನು ಎಳೆಯ ದಂಟಿನೊಡನೆ ಸಣ್ಣಗೆ ಹೆಚ್ಚಿ, ಸಾಸಿವೆ, ಒಣಮೆಣಸಿನಕಾಯಿ, ಇಂಗಿನ ಒಗ್ಗರಣೆಗೆ ಹಾಕಿ ಬಾಡಿಸಿರಿ. ನೀರು ಹನಿಯೂ ಬೇಡ, ಸೊಪ್ಪೇ ನೀರು ಬಿಡುತ್ತದೆ. 50 ಗ್ರಾಂ ಬೆಲ್ಲ, ಉಪ್ಪು, ಹುರಿದ ಮೆಂತ್ಯದ ಪುಡಿ ಒಂದು ಚಿಟಿಕೆ ಸೇರಿಸಿ ಗಟ್ಟಿಯಾಗುವ ತನಕ ಕೈಯಾಡಿಸಿ. ಚಳಿದೇಶದವರು ರೂಬಾರ್ಬಿಗೆ ಸಕ್ಕರೆ ಸುರಿಯುವುದೂ ನಾವು ಇದಕ್ಕೆ ಬೆಲ್ಲ ಹಾಕುವುದೂ ಒಂದೇ ಉಪಾಯ. ನಮ್ಮದರಲ್ಲಿ ಮೆಣಸಿನಕಾಯಿ ಇರುವುದರಿಂದ ರುಚಿ ಒಂದು ಕೈ ಮೇಲು ಎಂದೇ ಹೇಳಬೇಕು.

ಸುಡುವ ತಿಂಡಿಯೆಂದರೆ ನಮಗೆ ರೊಟ್ಟಿಯೇ. ಎರಡು ಪಾವು ರಾಗಿಹಿಟ್ಟಿಗೆ ಹೆಚ್ಚಿದ ಚುಕ್ಕೆ ಎರಡು ಹಿಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಹಾಕಿ ಮೊದಲು ಒಣಗೈಯಲ್ಲೇ ಹಿಸುಕಿ ಸ್ವಲ್ಪ ಹೊತ್ತು ಬಿಡಿ. ಉಪ್ಪಿಗೆ ಸೊಪ್ಪು ನೀರೊಡೆಯುತ್ತದೆ. ಆಮೇಲೆ ಬೇಕಾದಷ್ಟೇ ಬಿಸಿನೀರು ಹಾಕಿ ಕಲಸಿದರೆ ಹಿಟ್ಟು ಸಡಿಲವಾಗದು. ಹೆಂಚಿನ ಮೇಲೆ ತಟ್ಟಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಎರಡು ಮಗ್ಗುಲೂ ಬೇಯಿಸಿ. ಬೆಣ್ಣೆ ಅಥವಾ ಗಟ್ಟಿ ಮೊಸರಿನೊಡನೆ ತಿನ್ನಿ.

ಬೆಳೆಸುವ ಕ್ರಮ ಸುಲಭ. ಮಣ್ಣನ್ನು ಸಡಿಲಮಾಡಿ, ಕೊಳೆತ ಸಗಣಿಗೊಬ್ಬರ ಬೆರೆಸಿ, ಗೇಣಿಗೊಂದು ಗೆರೆಯೆಳೆದು ಬೀಜ ಉದುರಿಸಿ, ತೆಳ್ಳಗೆ ಮಣ್ಣು ಮುಚ್ಚಿ. ದೀಪಾವಳಿಯ ಆಸುಪಾಸಿನಲ್ಲಿ ಬಿತ್ತಿದರೆ ಎಲೆ ಮೃದುವಾಗಿ ಬರುತ್ತದೆ. ಬೇಸಿಗೆಯಲ್ಲಿ ಗಿಡ ಬೇಗ ಹೂವಿಗೆ ತಿರುಗುತ್ತದೆ. ಸುಮಾರು ನಲವತ್ತು ದಿನಕ್ಕೆ ಹೊರಗಿನ ಎಲೆಗಳನ್ನು ಚಿವುಟಿ, ನಡುವಿನ ಸುಳಿ ಬಿಟ್ಟರೆ ಮತ್ತೆ ಚಿಗುರುತ್ತದೆ. ರೇಷ್ಮೆ ಸಾಕುವ ಮನೆಯವರು ಒಂದು ಎಚ್ಚರಿಕೆ ವಹಿಸಬೇಕು: ಹುಳುಮನೆಯ ತಟ್ಟೆ ತೊಳೆದ ನೀರಿನಲ್ಲಿ ಬ್ಲೀಚಿಂಗ್ ಪುಡಿ ಮೊದಲಾದ ಔಷಧಿ ಇರುವುದರಿಂದ ಅದನ್ನು ಈ ಪಾತಿಗೆ ಬಿಡಬಾರದು. ಮಾವಿನ ತೋಪಿಗೆ ಔಷಧಿ ಹೊಡೆಯುವ ದಿನಗಳಲ್ಲಿ, ತೋಪಿನ ಅಂಚಿನ ಸೊಪ್ಪನ್ನೂ ಕೊಯ್ಯಬೇಡಿ.

ನಾಲ್ಕೈದು ಗಿಡಗಳನ್ನು ಕೊಯ್ಯದೆ ಬಿಡಿ. ಕಾಗದದಂಥ ಕೆಂಪು ಕಾಯಿಗಳು ಒಣಗಿ ಕಂದು ಬಣ್ಣಕ್ಕೆ ತಿರುಗಿದಾಗ ಬಿಡಿಸಿ, ಕೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ, ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ ಸೀಸೆಯಲ್ಲಿಡಿ. ಮುಂದಿನ ದೀಪಾವಳಿಗೆ ನಿಮ್ಮ ಪಾತಿಗೂ ಆಗುತ್ತದೆ, ನೆರೆಮನೆಯಾಕೆ ಕೇಳಿದರೆ ಕೊಡುವುದಕ್ಕೂ ಉಳಿಯುತ್ತದೆ.