ಆಕಾಶವಾಣಿಯ ನಾದದ ಹಿಂದೆ ಒಬ್ಬ ನಿರಾಶ್ರಿತ

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಹಿರಿಯರನ್ನು ಕೇಳಿ ನೋಡಿ. ಬೆಳಗಾಗುತ್ತಲೇ ರೇಡಿಯೋ ಹಾಕಿದರೆ, ಮಾತು ಶುರುವಾಗುವ ಮುನ್ನ ತಂಬೂರದ ಶ್ರುತಿಯೊಡನೆ ಕೇಳಿಬರುತ್ತಿದ್ದ ಪಿಟೀಲಿನ ನಾದ ಅವರಿಗೆ ಇಂದಿಗೂ ನೆನಪಿದೆ. ಕರಾವಳಿಯ ನಮಗೂ ಅಷ್ಟೇ. 'ಆಕಾಶವಾಣಿ' ಎಂಬ ಹೆಸರು, 1935ರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಬಾನುಲಿ ಕೇಂದ್ರದ ಕೊಡುಗೆ. ಹಾಗಾದರೆ ಆ ನಾದ ಯಾರದು? ವಾಲ್ಟರ್ ಕೌಫ್‌ಮನ್ ಎಂಬ ಯೆಹೂದಿ ಸಂಗೀತ ರಚನಕಾರರದೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ.

ಕೌಫ್‌ಮನ್ 1907ರಲ್ಲಿ, ಇಂದಿನ ಚೆಕ್ ಗಣರಾಜ್ಯಕ್ಕೆ ಸೇರಿದ ಕಾರ್ಲ್ಸ್‌ಬಾದ್‌ನಲ್ಲಿ ಜನಿಸಿದರು. ಬರ್ಲಿನ್ ಮತ್ತು ಪ್ರಾಗ್‌ಗಳಲ್ಲಿ ಸಂಗೀತ ಕಲಿತರು. ತಮ್ಮ ಪ್ರಬಂಧದ ಪರೀಕ್ಷಕರು ನಾಜಿ ಯುವ ಸಂಘಟನೆಯ ನಾಯಕರೆಂದು ತಿಳಿದಾಗ ಡಾಕ್ಟರೇಟ್ ಪದವಿಯನ್ನೇ ನಿರಾಕರಿಸಿದರು. 1934ರಲ್ಲಿ ಮುಂಬಯಿಗೆ ಬಂದಿಳಿದರು. ಭಾರತದ ವೀಸಾ ಸುಲಭವಾಗಿ ದೊರೆಯುತ್ತಿತ್ತು.

ಇಲ್ಲಿಯ ಸಂಗೀತ ಮೊದಲಿಗೆ ಅವರಿಗೆ ಏನೂ ಅರ್ಥವಾಗಲಿಲ್ಲ. ಆದರೆ ಇಷ್ಟೊಂದು ಜನ ಮೆಚ್ಚುವ ಸಂಗೀತದಲ್ಲಿ ಹುರುಳಿಲ್ಲದಿರಲು ಸಾಧ್ಯವಿಲ್ಲ ಎಂದುಕೊಂಡು, ತಾಳ್ಮೆಯಿಂದ ಕೇಳಿ ಕಲಿತರು. 1937ರಿಂದ 1946ರವರೆಗೆ ಮುಂಬಯಿ ಬಾನುಲಿಯಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗದ ಹೊಣೆ ಹೊತ್ತರು. ಆ ಪ್ರಸಿದ್ಧ ನಾದದಲ್ಲಿ ಶಿವರಂಜನಿ ರಾಗದ ಛಾಯೆಯಿದೆ. ಪಿಟೀಲು ನುಡಿಸಿದವರು ಜುಬಿನ್ ಮೆಹ್ತಾ ಅವರ ತಂದೆ ಮೆಹ್ಲಿ ಮೆಹ್ತಾ ಎನ್ನುತ್ತಾರೆ.

ಭಾರತ ಬಿಟ್ಟ ಮೇಲೆ ಅವರು ಕೆನಡಾದ ವಿನ್ನಿಪೆಗ್‌ನಲ್ಲಿ ವಾದ್ಯವೃಂದದ ನಿರ್ದೇಶಕರಾದರು; ಬಳಿಕ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಆದರೂ ನಮ್ಮ ಸಂಗೀತವನ್ನು ಮರೆಯಲಿಲ್ಲ. 1968ರಲ್ಲಿ ಉತ್ತರ ಭಾರತದ ರಾಗಗಳ ಕುರಿತು, 1976ರಲ್ಲಿ ದಕ್ಷಿಣದ ರಾಗಗಳ ಕುರಿತು ದೊಡ್ಡ ಗ್ರಂಥಗಳನ್ನು ಹೊರತಂದರು. ಗುಬ್ಬಿ ಕಂಪನಿಯ ರಂಗಗೀತೆಗಳಿಗೆ ಆಧಾರವಾಗಿದ್ದ ಕರ್ನಾಟಕ ಸಂಗೀತದ ರಾಗಗಳನ್ನು ಹೀಗೆ ವಿದೇಶದ ವಿದ್ಯಾರ್ಥಿಗಳಿಗೂ ಪರಿಚಯಿಸಿದರು. 1984ರಲ್ಲಿ ನಿಧನರಾದರು. ಬಹುಕಾಲ ಮರೆವಿಗೆ ಸಂದಿದ್ದ ಅವರ ರಚನೆಗಳನ್ನು 2020ರಲ್ಲಿ ಟೊರಾಂಟೊದ ಎಆರ್‌ಸಿ ಎನ್ಸೆಂಬಲ್ ತಂಡ ಧ್ವನಿಮುದ್ರಿಸಿ ಹೊರತಂದಿತು.

ಪ್ರಿಯ ಓದುಗರೇ, ಇಂದು ತುಮಕೂರಿನ ವಸಂತನರಸಾಪುರದ ಕಾರ್ಖಾನೆಗಳಿಗೂ ಮಂಗಳೂರಿನ ಕಟ್ಟಡ ಕೆಲಸಕ್ಕೂ ದೂರದ ರಾಜ್ಯಗಳಿಂದ ಜನ ಬರುತ್ತಾರೆ. ಭಾನುವಾರದ ಬಲಿಪೂಜೆಯಲ್ಲಿ ಅಂಥವರು ಕೊನೆಯ ಬೆಂಚಿನಲ್ಲಿ ಮೌನವಾಗಿ ಕುಳಿತಿರಬಹುದು. ಅವರ ಭಾಷೆ ನಮಗೆ ತಿಳಿಯದು, ನಿಜ. ಕೌಫ್‌ಮನ್‌ಗೂ ನಮ್ಮ ಸಂಗೀತ ತಿಳಿದಿರಲಿಲ್ಲ. ಅವರು ಕಿವಿಗೊಟ್ಟರು. ನಮ್ಮ ಗಾಯನ ಮಂಡಳಿಗಳು ಒಮ್ಮೆ ಆ ಸಹೋದರ ಸಹೋದರಿಯರನ್ನು ಮುಂದೆ ಕರೆದು, ಅವರದೇ ಭಾಷೆಯ ಒಂದು ಭಕ್ತಿಗೀತೆಯನ್ನು ಕೇಳಿ ಕಲಿಯಬಾರದೇಕೆ?