ಮೂಗು ತೋರಿದ ದಾರಿ: ಬೀಗಲ್ ನಾಯಿಯ ಪಾಠ

ವಿದ್ಯಾರ್ಥಿಗಳೇ, ಜತ್ತ, ಸೊಲ್ಲಾಪುರದ ಕಡೆಯವರಿಗೆ ಮುಧೋಳ ನಾಯಿ ಗೊತ್ತೇ ಇರುತ್ತೆ. ಅದು ಬೇಟೆಯನ್ನು ಕಣ್ಣಿಂದ ಕಂಡು, ಓಡಿ ಹಿಡಿಯುವ ನಾಯಿ. ಇಂಗ್ಲೆಂಡಿನ ಬೀಗಲ್ ಹಾಗಲ್ಲ. ಮೊಲ ಕಣ್ಣಿಗೆ ಬೀಳದಿದ್ದರೂ ಅದು ಹೋದ ದಾರಿಯ ವಾಸನೆ ಹಿಡಿದು ಬೆನ್ನಟ್ಟಲೆಂದೇ ಬೆಳೆಸಿದ ತಳಿ ಇದು.

ಹೇಗೆ ಸಾಧ್ಯ? ನಮ್ಮ ಮೂಗಿನಲ್ಲಿ ವಾಸನೆ ಗುರುತಿಸುವ ಕೋಶಗಳು ಸುಮಾರು 50 ಲಕ್ಷ. ಬೀಗಲ್‌ಗೆ 20 ಕೋಟಿಗೂ ಹೆಚ್ಚು ಎಂದು ಅಂದಾಜು. ಉಸಿರು ಬಿಡುವಾಗ ಗಾಳಿ ಮೂಗಿನ ಪಕ್ಕದ ಸೀಳುಗಳಿಂದ ಹೊರಹೋಗುತ್ತೆ. ಹಾಗಾಗಿ ಎದುರಿಗಿರುವ ವಾಸನೆ ಅಷ್ಟಾಗಿ ಚದುರೋದಿಲ್ಲ.

ಸಾಕಿದವರ ಮೊದಲ ದೂರು: "ಕರೆದರೆ ಬರೋದೇ ಇಲ್ಲ!" ಇದನ್ನು ಮೊಂಡುತನ ಅನ್ನಬೇಡಿ. ವಾಸನೆ ಸಿಕ್ಕಿತೆಂದರೆ ಅದರ ಗಮನವೆಲ್ಲ ಮೂಗಿನಲ್ಲೇ. ಎದುರಿಗೆ ಲಾರಿ ಬಂದರೂ ಪರಿವೆ ಇರೋದಿಲ್ಲ. ಹೊರಗೆ ಹೋದಾಗ ಹಗ್ಗ ಬಿಡಲೇಬಾರದು. ಹೊಡೆದರಂತೂ ಹತ್ತಿರ ಬರೋಕೇ ಅಂಜುತ್ತೆ.

ಕಲಿಸೋದು ಹೇಗೆ? ಮೂರು ಬಟ್ಟಲು ಬೋರಲು ಹಾಕಿ, ಒಂದರಡಿ ತಿಂಡಿ ಇಡಿ. ಹುಡುಕಿದ ಕೂಡಲೇ ತಿಂಡಿ ಕೊಟ್ಟು ಬೆನ್ನು ಸವರಿ. ಆಮೇಲೆ ತಿಂಡಿಯ ಚೀಲವನ್ನು ಹುಲ್ಲಿನ ಮೇಲೆ ಹತ್ತು ಹೆಜ್ಜೆ ಎಳೆದು ವಾಸನೆಯ ದಾರಿ ಮಾಡಿ. ದಿನದಿನಕ್ಕೆ ಉದ್ದ ಮಾಡಿ. ಕರೆದಾಗ ಬಂದರೂ ತಿಂಡಿ ಸಿಗಲಿ.

ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ 1984ರಿಂದ ಪೆಟ್ಟಿಗೆಯೊಳಗಿನ ಹಣ್ಣು, ಮಾಂಸ ಪತ್ತೆಹಚ್ಚಿ, ಬೆಳೆಗೆ ಕೀಟ, ರೋಗ ಬರದಂತೆ ಕಾಯೋದಕ್ಕೆ ಬೀಗಲ್‌ಗಳಿವೆ. ಮನೆಯಲ್ಲಿ ಬೈಸಿಕೊಳ್ಳೋ ಗುಣಕ್ಕೇ ಅಲ್ಲಿ ಕೆಲಸ!

ಮುದ್ದಾಗಿದೆ ಅಂತ ತಂದು, ಆಮೇಲೆ ಬೀದಿಗೆ ಬಿಡೋದು ಅನ್ಯಾಯ. ತರುವ ಮೊದಲೇ ಮನೆಯವರೆಲ್ಲ ಕೂತು ಯೋಚಿಸಿ: ದಿನಾ ಅದರ ಮೂಗಿಗೆ ಕೆಲಸ ಕೊಡೋಕೆ ನಮಗೆ ಪುರುಸೊತ್ತಿದೆಯಾ?