ಭುವನಗಿರಿಯ ಬಂಡೆ ಪಾಠ

ಹೈದರಾಬಾದಿನಿಂದ ವಾರಂಗಲ್ ರಸ್ತೆ ಹಿಡಿದು 50 ಕಿಲೋಮೀಟರಿನಷ್ಟು ಹೋದರೆ ಭುವನಗಿರಿ ಸಿಗುತ್ತದೆ. ರೈಲ್ವೆಯವರ ಬಾಯಲ್ಲಿ ಅದು ಭೋಂಗಿರ್. ಊರಿಗೆ ಇನ್ನೂ ದೂರವಿರುವಾಗಲೇ ಬಂಡೆ ಕಾಣಿಸುತ್ತದೆ. ಸುಮಾರು 500 ಅಡಿ ಎತ್ತರದ ಏಕಶಿಲೆ, ಮೊಟ್ಟೆಯ ಹಾಗೆ ನುಣುಪಾಗಿ ಬಾಗಿದ ಮೈ. ಅದರ ನೆತ್ತಿಯ ಮೇಲೆ ಕೋಟೆ. ಕಟ್ಟಿಸಿದವನು ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ, ಎಂದರೆ ಇಂದಿನ ನಮ್ಮ ಬಸವಕಲ್ಯಾಣದಲ್ಲಿ ಕೂತು ಆಳಿದವನು. ಶತ್ರುವಿಗೆ ಕಾಲಿಡಲು ಜಾಗ ಸಿಗಬಾರದೆಂದೇ ಇಂಥ ಬಂಡೆಯನ್ನು ಆರಿಸಿಕೊಂಡಿರಬೇಕು. ಈಗ ಅದೇ ಬಂಡೆಯ ಬುಡದಲ್ಲಿ, ಕಾಲಿಡಲು ಎಲ್ಲೆಲ್ಲಿ ಜಾಗವಿದೆ ಎಂದು ಹೇಳಿಕೊಡುವ ಶಾಲೆಯೊಂದು ನಡೆಯುತ್ತಿದೆ.

ಭೋಂಗಿರ್ ರಾಕ್ ಕ್ಲೈಂಬಿಂಗ್ ಸ್ಕೂಲ್ ಎಂಬ ಹೆಸರು ಕನ್ನಡದ ಓದುಗರಿಗೆ ಅಷ್ಟಾಗಿ ಪರಿಚಯವಿರಲಾರದು. ಆದರೆ ಮಾಲಾವತ್ ಪೂರ್ಣಾ ಎಂದರೆ ಹಲವರಿಗೆ ನೆನಪಾದೀತು. 2014ರ ಮೇ 25ರಂದು, 13 ವರ್ಷ 11 ತಿಂಗಳ ವಯಸ್ಸಿನಲ್ಲಿ ಎವರೆಸ್ಟ್ ಏರಿದ ಹುಡುಗಿ. ಅದಕ್ಕೂ ಮೊದಲು ಅತಿ ಕಿರಿಯಳೆಂಬ ಹೆಸರು 2003ರಲ್ಲಿ 15ರ ವಯಸ್ಸಿಗೆ ಏರಿದ್ದ ನೇಪಾಳದ ಮಿಂಗ್ ಕಿಪಾ ಶೆರ್ಪಾಳದಾಗಿತ್ತು. ಪೂರ್ಣಾಳ ಕತೆಯನ್ನು ರಾಹುಲ್ ಬೋಸ್ 2017ರಲ್ಲಿ ಸಿನಿಮಾ ಮಾಡಿದರು. ಅದಾದ ಮೇಲೆ ಶಿಖರದ ಫೋಟೋ ಎಲ್ಲರಿಗೂ ಗೊತ್ತು, ಬಂಡೆಯ ಬುಡ ಯಾರಿಗೂ ಬೇಡ ಎಂಬಂತಾಗಿದೆ. ನನಗೆ ಕುತೂಹಲವಿರುವುದು ಬುಡದ ಬಗ್ಗೆಯೇ.

ಪೂರ್ಣಾ ನಿಜಾಮಾಬಾದ್ ಜಿಲ್ಲೆಯ ಪಾಕಾಲ ಎಂಬ ಸಣ್ಣ ಊರಿನವಳು. ಲಂಬಾಣಿ ಕುಟುಂಬ. ಅಪ್ಪ ಅಮ್ಮ ಇಬ್ಬರೂ ಕೃಷಿ ಕೂಲಿ. ಓದುತ್ತಿದ್ದದ್ದು ತಾಡ್ವಾಯಿಯ ಸಮಾಜ ಕಲ್ಯಾಣ ವಸತಿ ಶಾಲೆಯಲ್ಲಿ. ಆಗ ಆಂಧ್ರಪ್ರದೇಶ ಇನ್ನೂ ಒಂದೇ ರಾಜ್ಯ. ಅಲ್ಲಿನ ವಸತಿ ಶಾಲೆಗಳ ಸಂಸ್ಥೆಗೆ ಐಪಿಎಸ್ ಅಧಿಕಾರಿ ಆರ್.ಎಸ್. ಪ್ರವೀಣ್ ಕುಮಾರ್ ಕಾರ್ಯದರ್ಶಿಯಾಗಿ ಬಂದಿದ್ದರು. ಪೊಲೀಸ್ ಹುದ್ದೆ ಬಿಟ್ಟು ತಾವಾಗಿಯೇ ಹಾಸ್ಟೆಲು ಮಕ್ಕಳ ಉಸ್ತುವಾರಿ ಕೇಳಿ ಪಡೆದ ಮನುಷ್ಯ. ದಲಿತ, ಆದಿವಾಸಿ ಮಕ್ಕಳಿಗೆ ಊಟ, ಪುಸ್ತಕ, ಸಮವಸ್ತ್ರ ಕೊಟ್ಟರಷ್ಟೇ ಸಾಲದು, ತಾವು ಯಾರಿಗಿಂತಲೂ ಕಡಿಮೆಯಲ್ಲ ಎಂಬುದು ಅವರ ಮೈಗೆ ಹತ್ತಬೇಕು ಎಂಬುದು ಅವರ ಹಟ. ಈ ಶಾಲೆಗಳ ಮಕ್ಕಳಿಗೆ ಅವರು ‘ಸ್ವೇರೋ’ ಎಂಬ ಹೊಸ ಹೆಸರನ್ನೇ ಇಟ್ಟರು. ಪರ್ವತಾರೋಹಿ ಶೇಖರ್ ಬಾಬು ಬಾಚಿನೇಪಲ್ಲಿಯವರ ತರಬೇತಿಯಲ್ಲಿ ನೂರಕ್ಕೂ ಹೆಚ್ಚು ಮಕ್ಕಳು, ಹುಡುಗರೂ ಹುಡುಗಿಯರೂ ಸೇರಿ, ಭುವನಗಿರಿಯ ಬಂಡೆಗೆ ಬಂದರು.

ಬಂಡೆಯನ್ನು ಮೊದಲು ಕಂಡಾಗ ಹೆದರಿಕೆಯಾಯಿತು ಎಂದು ಪೂರ್ಣಾ ಆಮೇಲೆ ಹೇಳಿಕೊಂಡಿದ್ದಾಳೆ. ಆಗದೆ ಏನು? 

ಇಂಥ ಶಾಲೆಯಲ್ಲಿ ಮೊದಲ ಪಾಠ ಹತ್ತುವುದಲ್ಲ, ಕಟ್ಟುವುದು. ಸೊಂಟಕ್ಕೆ ಮತ್ತು ಎರಡೂ ತೊಡೆಗಳಿಗೆ ಹಾರ್ನೆಸ್ ಬಿಗಿಯಬೇಕು. ಹಗ್ಗದ ತುದಿಯಿಂದ ಒಂದು ಮೊಳಕ್ಕೂ ಹೆಚ್ಚು ಬಿಟ್ಟು ಇಂಗ್ಲಿಷಿನ ಎಂಟರ ಆಕಾರದ ಗಂಟು ಹಾಕಬೇಕು. ತುದಿಯನ್ನು ಹಾರ್ನೆಸ್ಸಿನ ಕುಣಿಕೆಯೊಳಗೆ ತೂರಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ ಗಂಟಿನ ಪಕ್ಕಪಕ್ಕದಲ್ಲಿ ಪೋಣಿಸಿಕೊಂಡು ಬರಬೇಕು. ಎರಡೆರಡು ಎಳೆ ಜೋಡಿಯಾಗಿ ಕಂಡರೆ ಗಂಟು ಸರಿ. ಒಂದು ಕಡೆ ಒಂಟಿ ಎಳೆ ಕಂಡರೆ ಬಿಚ್ಚಿ ಮತ್ತೆ ಕಟ್ಟು. ನಿನ್ನ ಗಂಟನ್ನು ನಿನ್ನ ಜೊತೆಗಾತಿ ನೋಡಬೇಕು, ಅವಳದನ್ನು ನೀನು. ಗೆಳತಿಯ ತಪ್ಪನ್ನು ಮುಖಕ್ಕೆ ಮುಖ ಕೊಟ್ಟು ಹೇಳುವುದು ಹದಿಮೂರರ ವಯಸ್ಸಿನಲ್ಲಿ ಸುಲಭವಲ್ಲ. ಇಲ್ಲಿ ಹೇಳದೆ ವಿಧಿಯಿಲ್ಲ.

ದುಪಟ್ಟಾ ತೆಗೆದಿಡಬೇಕು. ಬಳೆ, ಉಂಗುರ ಬಿಚ್ಚಬೇಕು. ಕೂದಲನ್ನು ಬಿಗಿದು ಹೆಲ್ಮೆಟ್ಟಿನೊಳಗೋ ಅಂಗಿಯೊಳಗೋ ಸೇರಿಸಬೇಕು. ನಮ್ಮ ಹುಡುಗಿಯರು ಕೂದಲಿನ ಬಗ್ಗೆ, ದುಪಟ್ಟಾದ ಬಗ್ಗೆ ಹುಟ್ಟಿದಾರಭ್ಯ ಕೇಳಿಸಿಕೊಳ್ಳುವ ಕಟ್ಟಳೆಗಳಿಗೆ ಲೆಕ್ಕವಿಲ್ಲ, ಅವುಗಳಲ್ಲಿ ಯಾವುದಕ್ಕೂ ಯಾರೂ ಕಾರಣ ಹೇಳಿದ್ದಿಲ್ಲ. ಇಲ್ಲಿ ಕಾರಣ ಕಣ್ಣೆದುರಿಗಿದೆ: ಇಳಿಯುವಾಗ ಹಗ್ಗ ಹಾದುಹೋಗುವ ಲೋಹದ ಡಿಸೆಂಡರ್‌ಗೆ ಒಂದು ಎಳೆ ಕೂದಲು ಸಿಕ್ಕಿಕೊಂಡರೂ ಅದು ಒಳಗೆ ಎಳೆದುಕೊಳ್ಳುತ್ತಲೇ ಹೋಗುತ್ತದೆ. ಆದ್ದರಿಂದ ಈ ನಿಯಮಕ್ಕೆ ಯಾರೂ ಮುಖ ಸಿಂಡರಿಸುವುದಿಲ್ಲ.

ಹತ್ತುವವಳ ಸೊಂಟದಿಂದ ಹೊರಟ ಹಗ್ಗ ಬಂಡೆಯ ಮೇಲಿನ ಆಧಾರದ ಕೊಂಡಿಯಲ್ಲಿ ಹಾದು, ಮತ್ತೆ ಕೆಳಗಿಳಿದು, ನೆಲದ ಮೇಲೆ ನಿಂತ ಇನ್ನೊಬ್ಬಳ ಸೊಂಟಕ್ಕೆ ಸಿಕ್ಕಿಸಿದ ಉಪಕರಣದ ಮೂಲಕ ಅವಳ ಕೈಗೆ ಬರುತ್ತದೆ. ಈ ಇನ್ನೊಬ್ಬಳು ಮಾಡುವ ಕೆಲಸಕ್ಕೆ ಬಿಲೇ ಎಂದು ಹೆಸರು. ಮೇಲಿನವಳು ಒಂದು ಹೆಜ್ಜೆ ಏರಿದಂತೆ ಇವಳು ಸಡಿಲವಾದ ಹಗ್ಗವನ್ನು ಎಳೆದುಕೊಳ್ಳಬೇಕು. ಮೇಲಿನವಳ ಕಾಲು ಜಾರಿದರೆ ಹಗ್ಗದ ಬಾಲ ಹಿಡಿದ ಕೈಯನ್ನು, ಅಂದರೆ ಬ್ರೇಕಿನ ಕೈಯನ್ನು, ಕೆಳಕ್ಕೆ ಎಳೆದು ಹಿಡಿಯಬೇಕು, ಅಷ್ಟರಲ್ಲಿ ಹಗ್ಗ ಬಿಗಿದು ಬಿದ್ದವಳು ಅಲ್ಲೇ ನೇತಾಡುತ್ತಾಳೆ. ಉಪಕರಣದಲ್ಲಿ ಮತ್ತು ಮೇಲಿನ ಕೊಂಡಿಯಲ್ಲಿ ಹುಟ್ಟುವ ಘರ್ಷಣೆಯೇ ಬಹುಪಾಲು ಭಾರ ತಡೆಯುತ್ತದೆ. ಹಾಗಾಗಿ ಸಪೂರ ಹುಡುಗಿಯೂ ತನಗಿಂತ ದಪ್ಪನೆಯವಳನ್ನು ನಿಲ್ಲಿಸಬಲ್ಲಳು. ಒಂದೇ ಷರತ್ತು, ಬ್ರೇಕಿನ ಕೈ ಹಗ್ಗವನ್ನು ಒಂದು ಕ್ಷಣವೂ ಬಿಡಕೂಡದು. ನೊಣ ಕೂತರೂ, ಬೆವರು ಕಣ್ಣಿಗಿಳಿದರೂ, ಯಾರೋ ಕರೆದರೂ.

ಹೊರಗಿನಿಂದ ನೋಡುವವರ ಕಣ್ಣು, ಕ್ಯಾಮೆರಾ ಎಲ್ಲ ಮೇಲೆ ಹತ್ತುವವಳ ಕಡೆಗೇ. ಕೆಳಗೆ ಕತ್ತೆತ್ತಿ ನಿಂತವಳನ್ನು ಯಾರೂ ಗಮನಿಸುವುದಿಲ್ಲ. ನನ್ನ ಎಣಿಕೆಯಲ್ಲಿ ನಿಜವಾದ ಪಾಠ ಆಗುತ್ತಿರುವುದು ಅವಳಿಗೇ. ಅಲ್ಲಿಯವರೆಗೆ ಅವಳನ್ನು ಯಾರೋ ನೋಡಿಕೊಂಡಿದ್ದರು: ಮನೆಯಲ್ಲಿ ಅಪ್ಪ ಅಣ್ಣ, ಹಾಸ್ಟೆಲಿನಲ್ಲಿ ವಾರ್ಡನ್. ಮೊದಲ ಸಲ ಇನ್ನೊಬ್ಬಳ ಜೀವವನ್ನು ಅವಳ ಕೈಗೆ ಕೊಟ್ಟಿದ್ದಾರೆ, ಅದೂ ತರಬೇತುದಾರರು ಪಕ್ಕದಲ್ಲಿ ನಿಂತು, ಹಗ್ಗದ ಬಾಲವನ್ನು ತಾವೂ ಹಿಡಿದುಕೊಂಡು, ಆದರೆ ಮಾತಾಡದೆ. ನಾಯಕತ್ವದ ಮೇಲೆ ಎಷ್ಟೋ ಶಿಬಿರಗಳು, ಭಾಷಣಗಳು ನಡೆಯುತ್ತವೆ. ಅವುಗಳಲ್ಲಿ ಹುಡುಗಿಯರ ಕೈಗೆ ಹೆಚ್ಚೆಂದರೆ ಒಂದು ನೋಟ್‌ಬುಕ್ಕು, ಪೆನ್ನು ಬರುತ್ತದೆ.

ಇನ್ನೊಂದು ಸಂಗತಿ ದನಿ. ಹತ್ತುವ ಮೊದಲು ‘ಆನ್ ಬಿಲೇ?’ ಎಂದು ಕೇಳಬೇಕು. ‘ಬಿಲೇ ಆನ್’ ಎಂದು ಕೆಳಗಿನವಳು ಉತ್ತರಿಸಬೇಕು. ‘ಕ್ಲೈಂಬಿಂಗ್’, ‘ಕ್ಲೈಂಬ್ ಆನ್’. ಹಗ್ಗ ಬಿಗಿಯಾದರೆ ‘ಸ್ಲ್ಯಾಕ್’, ಕಲ್ಲು ಉರುಳಿದರೆ ‘ರಾಕ್!’ ಎಂದು ಗಂಟಲು ಹರಿಯುವ ಹಾಗೆ ಕೂಗಬೇಕು. ಗಾಳಿ ಬೀಸುತ್ತಿರುವಾಗ ಮೂವತ್ತು ನಲವತ್ತು ಅಡಿ ಮೇಲಿರುವವಳಿಗೆ ಪಿಸುಮಾತು ಕೇಳಿಸದು. ಹೆಣ್ಣುಮಕ್ಕಳು ಗಟ್ಟಿಯಾಗಿ ಮಾತಾಡಬಾರದೆಂದು ಕೇಳುತ್ತ ಬೆಳೆದವಳು ಮೊದಲೆರಡು ಸಲ ನಾಚಿಕೊಂಡು ಮೆಲ್ಲಗೆ ಹೇಳುತ್ತಾಳೆ, ಮೇಲಿನವಳು ಅಲ್ಲಾಡುವುದಿಲ್ಲ, ಆಮೇಲೆ ಕೂಗುತ್ತಾಳೆ.

ಇಳಿಯುವ ಪಾಠ, ಅಂದರೆ ರ‍್ಯಾಪ್ಲಿಂಗ್, ಇದಕ್ಕೆ ತದ್ವಿರುದ್ಧ. ಅಲ್ಲಿ ಒಬ್ಬಳೇ. ಬಂಡೆಯ ಅಂಚಿಗೆ ಬೆನ್ನು ತಿರುಗಿಸಿ ನಿಂತು ಖಾಲಿ ಗಾಳಿಗೆ ಒರಗಬೇಕು. ಹೆದರಿದ ದೇಹ ಬಂಡೆಯನ್ನು ಅಪ್ಪಿಕೊಳ್ಳಲು ನೋಡುತ್ತದೆ. ಅಪ್ಪಿಕೊಂಡರೆ ಪಾದ ಜಾರುತ್ತದೆ, ಮಂಡಿ ತರಚುತ್ತದೆ. ಕಾಲನ್ನು ಅಗಲಿಸಿ, ಪಾದವನ್ನು ಪೂರ್ತಿ ಕಲ್ಲಿಗೆ ಊರಿ, ಹಿಂದಕ್ಕೆ ವಾಲಿ ಹಗ್ಗದ ಮೇಲೆ ಭಾರ ಬಿಟ್ಟರೆ ಮಾತ್ರ ಬಂಡೆ ಹಿಡಿತ ಕೊಡುತ್ತದೆ. ಭಯವಾದಾಗ ಯಾವುದು ಸುರಕ್ಷಿತ ಎನಿಸುತ್ತದೋ ಅದೇ ಅಪಾಯ. ಇದನ್ನು ತಲೆ ಬೇಗ ಒಪ್ಪುತ್ತದೆ, ಕಾಲು ಒಪ್ಪಲು ಹೊತ್ತು ಹಿಡಿಯುತ್ತದೆ. ಅಂಚಿನಲ್ಲಿ ಅಳುವವರು ಇದ್ದೇ ಇರುತ್ತಾರೆ. ಒಳ್ಳೆಯ ತರಬೇತುದಾರರು ಅವರನ್ನು ತಳ್ಳುವುದಿಲ್ಲ, ರೇಗಿಸುವುದೂ ಇಲ್ಲ. ವಾಪಸು ಬಂದು ಕೂತು, ಮತ್ತೆ ಸಾಲಿನ ಕೊನೆಗೆ ನಿಲ್ಲುವ ಅವಕಾಶ ಕೊಡುತ್ತಾರೆ.

ಹರೆಯದವರಿಗೆ ಬಯಲು, ಬೆಟ್ಟ, ಹಗ್ಗದ ಮೂಲಕ ಪಾಠ ಹೇಳುವ ಪದ್ಧತಿ ಹಳೆಯದು. ಬೇಡನ್ ಪೊವೆಲ್ 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸಿನಲ್ಲಿ ಸ್ಕೌಟು ಹುಡುಗರ ಮೇಳ ಕರೆದಾಗ ಕರೆಯದೇ ಬಂದ ಹುಡುಗಿಯರು ತಮ್ಮನ್ನೂ ಸೇರಿಸಿಕೊಳ್ಳಿ ಎಂದು ಪಟ್ಟು ಹಿಡಿದರು. ಮರುವರ್ಷ ಗರ್ಲ್ ಗೈಡ್ಸ್ ಹುಟ್ಟಿತು. ವೇಲ್ಸಿನ ಅಬರ್‌ಡೋವಿಯಲ್ಲಿ 1941ರಲ್ಲಿ ಶುರುವಾದ ಔಟ್‌ವರ್ಡ್ ಬೌಂಡ್ ಶಾಲೆ ಹುಡುಗಿಯರಿಗಾಗಿ ಶಿಬಿರ ನಡೆಸಲು ಹತ್ತು ವರ್ಷ ತೆಗೆದುಕೊಂಡಿತು. ಹುಡುಗಿಯರು ಎಲ್ಲ ಕಡೆಯೂ ತಡವಾಗಿಯೇ ಒಳಗೆ ಬಂದಿದ್ದಾರೆ. ಭುವನಗಿರಿಯ ವಿಶೇಷವೆಂದರೆ ಈ ಪಾಠವನ್ನು ಪಟ್ಟಣದ ಅನುಕೂಲಸ್ಥರ ಮಕ್ಕಳ ಬದಲು ಸರ್ಕಾರಿ ಹಾಸ್ಟೆಲಿನ ಮಕ್ಕಳಿಗೆ ಮೊದಲು ತಲುಪಿಸಿದ್ದು.

ಅಲ್ಲಿಂದ ಮುಂದಿನದು ಸೋಸುವಿಕೆ. ಇಪ್ಪತ್ತರಷ್ಟು ಮಕ್ಕಳು ಡಾರ್ಜಿಲಿಂಗಿನ ಹಿಮಾಲಯನ್ ಮೌಂಟೆನಿಯರಿಂಗ್ ಇನ್‌ಸ್ಟಿಟ್ಯೂಟಿಗೆ ಹೋದರು. ತೇನ್‌ಸಿಂಗ್ ಎವರೆಸ್ಟ್ ಗೆದ್ದ ಮರುವರ್ಷವೇ, 1954ರಲ್ಲಿ ಆರಂಭವಾದ ಶಾಲೆ ಅದು, ಅವರೇ ಅಲ್ಲಿ ಪಾಠ ಹೇಳಿದ್ದವರು. ಮಕ್ಕಳು ಅಲ್ಲಿ ಸಿಕ್ಕಿಂನ ರೆನೋಕ್ ಶಿಖರ ಏರಿದರು. ಕೆಲವರು ಲಡಾಖಿನ ಚಳಿಗೆ ಹೋದರು. ಕೊನೆಗೆ ಉಳಿದವರು ಇಬ್ಬರು, ಪೂರ್ಣಾ ಮತ್ತು ಖಮ್ಮಂ ಜಿಲ್ಲೆಯ ಸಾಧನಪಲ್ಲಿ ಆನಂದ ಕುಮಾರ್. ನೇಪಾಳದ ಕಡೆಯಿಂದ ಹತ್ತಲು 16 ತುಂಬಿರಬೇಕು. ಆದ್ದರಿಂದ ಟಿಬೆಟ್ಟಿನ ಬದಿಯಿಂದ, ಗಾಳಿ ಹೆಚ್ಚು ಕಟುವಾಗಿರುವ ಉತ್ತರದ ದಾರಿಯಿಂದ ಹೋದರು. ಆ ವರ್ಷದ ಏಪ್ರಿಲ್ 18ರಂದು ನೇಪಾಳದ ಬದಿಯ ಖುಂಬು ಹಿಮಪ್ರಪಾತದಲ್ಲಿ ನೀರ್ಗಲ್ಲು ಕುಸಿದು 16 ಮಂದಿ ಕೆಲಸಗಾರರು ಸತ್ತಿದ್ದರು, ಬಹುತೇಕ ಶೆರ್ಪಾಗಳು. ಪೂರ್ಣಾ ತುದಿ ಮುಟ್ಟಿದಾಗ ಅವಳ ಚೀಲದಲ್ಲಿ ಅಂಬೇಡ್ಕರ್ ಮತ್ತು ಎಸ್.ಆರ್. ಶಂಕರನ್ ಅವರ ಚಿತ್ರಗಳಿದ್ದವು. ಶಂಕರನ್ ಎಂದರೆ ಜೀತವಿಮುಕ್ತಿಗೆ ದುಡಿದ, ಈ ವಸತಿ ಶಾಲೆಗಳ ಹಿಂದಿನ ಪ್ರೇರಣೆಯಾಗಿದ್ದ ಐಎಎಸ್ ಅಧಿಕಾರಿ. ಪೂರ್ಣಾ ಶಿಖರ ಮುಟ್ಟಿದ ಎಂಟು ದಿನಕ್ಕೆ ತೆಲಂಗಾಣ ಹುಟ್ಟಿತು.

ಹದಿಮೂರರ ಮಗುವನ್ನು ಎಂಟು ಸಾವಿರ ಮೀಟರ್ ದಾಟಿದ ಎತ್ತರಕ್ಕೆ, ಹೆಣಗಳು ಬಿದ್ದಿರುವ ದಾರಿಯಲ್ಲಿ ಕಳಿಸುವುದು ಸರಿಯೇ? ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಅವಳು ಗೆದ್ದು ಬಂದಳೆಂಬ ಕಾರಣಕ್ಕೆ ಆ ಪ್ರಶ್ನೆ ಮುಚ್ಚಿಹೋಗಬಾರದು. ಬೆಳೆಯುವ ದೇಹ ಅಷ್ಟೆತ್ತರದಲ್ಲಿ ಹೇಗೆ ವರ್ತಿಸುತ್ತದೆಂಬುದನ್ನು ವೈದ್ಯರೇ ಖಚಿತವಾಗಿ ಹೇಳಲಾರರು. ಒಪ್ಪಿಗೆ ಕೊಡುವ ಕೂಲಿ ತಂದೆತಾಯಿಗೆ ಅಪಾಯದ ಪೂರ್ತಿ ಚಿತ್ರ ಸಿಕ್ಕಿರುತ್ತದೆಂದು ನಂಬುವುದೂ ಕಷ್ಟ. ಹಿಮಾಲಯ ಪಳಗಿದವರನ್ನೂ ಬಿಡುವುದಿಲ್ಲ. 2022ರ ಮೇ ತಿಂಗಳಲ್ಲಿ ಹದಿನಾರು ದಿನಗಳೊಳಗೆ ಎವರೆಸ್ಟ್ ಮತ್ತು ಮಕಾಲು ಎರಡನ್ನೂ ಏರಿದ್ದ ಉತ್ತರಕಾಶಿಯ ಸವಿತಾ ಕಂಸವಾಲ್, ಅದೇ ವರ್ಷದ ಅಕ್ಟೋಬರ್ 4ರಂದು ದ್ರೌಪದಿ ಕಾ ಡಾಂಡಾದಲ್ಲಿ ತರಬೇತುದಾರ್ತಿಯಾಗಿ ಶಿಷ್ಯರ ಜೊತೆಗಿದ್ದಾಗ ಹಿಮಕುಸಿತಕ್ಕೆ ಸಿಕ್ಕಿ ತೀರಿಕೊಂಡರು.

ಆದರೆ ಎವರೆಸ್ಟಿನ ಮೇಲಿನ ತಕರಾರನ್ನು ಭುವನಗಿರಿಯ ಮೇಲೆ ಹೇರುವುದೂ ತಪ್ಪು. ಉಳಿದ ಮಕ್ಕಳಲ್ಲಿ ಬಹುಪಾಲು ಯಾವ ಶಿಖರಕ್ಕೂ ಹೋಗಲಿಲ್ಲ. ಗಂಟು ಕಟ್ಟಿದರು, ಗೆಳೆಯರನ್ನು ಹಿಡಿದು ನಿಲ್ಲಿಸಿದರು, ಬಂಡೆಯಿಂದ ಇಳಿದು ಹಾಸ್ಟೆಲಿಗೆ ಹೋದರು. ಪತ್ರಿಕೆಗಳಲ್ಲಿ ಅವರ ಹೆಸರಿಲ್ಲ. ಅಷ್ಟು ಸಾಕಾಗಿತ್ತೇನೋ. ಪೂರ್ಣಾ ಮಾತ್ರ ಹತ್ತುವುದನ್ನು ನಿಲ್ಲಿಸಲಿಲ್ಲ. 2022ರ ಜೂನ್‌ನಲ್ಲಿ ಅಲಾಸ್ಕಾದ ಡೆನಾಲಿ ಏರಿ ಏಳೂ ಖಂಡಗಳ ಅತ್ಯುನ್ನತ ಶಿಖರಗಳನ್ನು ಮುಗಿಸಿದಳು. ಪ್ರವೀಣ್ ಕುಮಾರ್ 2021ರಲ್ಲಿ ಸ್ವಯಂ ನಿವೃತ್ತಿ ಪಡೆದು ರಾಜಕೀಯಕ್ಕೆ ಹೋದರು. ಒಬ್ಬ ಅಧಿಕಾರಿಯ ಹುಮ್ಮಸ್ಸಿನ ಮೇಲೆ ನಿಂತ ಕೆಲಸಕ್ಕೆ ಆ ಅಧಿಕಾರಿ ಎದ್ದುಹೋದ ಮೇಲೆ ಏನಾಗುತ್ತದೆ ಎಂಬುದು ನಮ್ಮ ಎಲ್ಲ ರಾಜ್ಯಗಳಿಗೂ ಗೊತ್ತಿರುವ ಕತೆ.

ಕರ್ನಾಟಕದಲ್ಲಿ ಬಂಡೆಗೇನು ಕೊರತೆ? ರಾಮನಗರ, ಸಾವನದುರ್ಗ, ತುರಹಳ್ಳಿ, ಬಾದಾಮಿಯ ಕೆಂಪು ಮರಳುಗಲ್ಲು. ಸಾಹಸ ಕ್ರೀಡೆಗಳಿಗೆಂದೇ ಸರ್ಕಾರದ ಜನರಲ್ ತಿಮ್ಮಯ್ಯ ಅಕಾಡೆಮಿ ಇದೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು ಇವೆ. ಹಗ್ಗವಿಲ್ಲದೆ ಕೋಟೆ ಗೋಡೆ ಏರುವ ಚಿತ್ರದುರ್ಗದ ಜ್ಯೋತಿರಾಜ್ ಅವರನ್ನು ನೋಡಿ ಸಾವಿರಾರು ಜನ ಚಪ್ಪಾಳೆ ತಟ್ಟುತ್ತೇವೆ. ಹಗ್ಗ ಹಿಡಿದು ಏರುವುದನ್ನು ನೂರಾರು ಹುಡುಗಿಯರಿಗೆ ಕಲಿಸುವುದರಲ್ಲಿ ಅಂಥ ರೋಮಾಂಚನವಿಲ್ಲ, ಅದಕ್ಕೆ ನೆರೆಯುವ ಜನವೂ ಇಲ್ಲ.

ಮಗಳನ್ನು ಇಂಥ ಶಿಬಿರಕ್ಕೆ ಕಳಿಸುವ ಯೋಚನೆಯಿದ್ದರೆ, ಅದು ಭುವನಗಿರಿಯಾಗಲಿ ರಾಮನಗರವಾಗಲಿ, ನವೆಂಬರಿನಿಂದ ಫೆಬ್ರವರಿಯೊಳಗೆ ಕಳಿಸಿ. ಬೇಸಿಗೆಯ ಬಿಸಿಲಿಗೆ ಕಾದ ಗ್ರಾನೈಟು ಅಂಗೈಯನ್ನು ಸುಡುತ್ತದೆ. ಕಳಿಸುವ ಮೊದಲು ಕೆಲವು ಪ್ರಶ್ನೆ ಕೇಳಿ. ಹಗ್ಗ ಎಷ್ಟು ಹಳೆಯದು, ಎಷ್ಟು ಸಲ ಬಳಸಿದ್ದಾರೆಂಬ ದಾಖಲೆ ಇಟ್ಟಿದ್ದಾರೆಯೇ? ಹತ್ತಿರದ ಆಸ್ಪತ್ರೆ ಎಲ್ಲಿದೆ? ತರಬೇತುದಾರರಲ್ಲಿ ಹೆಂಗಸರಿದ್ದಾರೆಯೇ? ಮುಟ್ಟಿನ ದಿನಗಳಿಗೆ ಬೇಕಾದ ಶೌಚಾಲಯ, ನೀರು ಇದೆಯೇ? ಇವೆಲ್ಲಕ್ಕೂ ಸಾಮಾನ್ಯವಾಗಿ ಸಿದ್ಧ ಉತ್ತರ ಸಿಗುತ್ತದೆ. ಕೊನೆಗೆ, ಬಿಲೇ ಮಾಡುವವರು ಯಾರು ಎಂದು ಕೇಳಿ. ‘ಚಿಂತೆ ಮಾಡಬೇಡಿ, ಅದನ್ನೆಲ್ಲ ನಮ್ಮ ಹುಡುಗರೇ ನೋಡಿಕೊಳ್ಳುತ್ತಾರೆ’ ಎಂದರೆ ಬೇರೆ ಶಿಬಿರ ಹುಡುಕಿ.